ಮಾಡಿಲ್ಲದ ಮನೆ, ಚಿನ್ನದ ಚರ್ಚು

"ಎಂತ ಮಾರಾಯ, ಅಷ್ಟು ದೂರ ಹೋಗಿ ಬಿದ್ದುಹೋದ ಮನೆ ಫೋಟೋ ತೆಗೀತಾ ಕೂತಿದೀಯ? ಇಲ್ಲೇ ಒಂದು ಬೀಳ್ತಾ ಇದೆಯಲ್ಲ, ಬಂದು ತೆಗಿ!"

ಅಪ್ಪಯ್ಯ ಫೋನಿನಲ್ಲಿ ಹೀಗೆಂದಾಗ ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ಇಬ್ಬರಿಗೂ ಮುಂದೇನು ಮಾತಾಡುವುದು ಅಂತ ಗೊತ್ತಾಗಲಿಲ್ಲ. "ತಡಿ, ಅಮ್ಮನಿಗೆ ಕೊಡ್ತೀನಿ" ಅಂತ ಫೋನು ದಾಟಿಸಿಬಿಟ್ಟರು. ನಮ್ಮ ಮನೆಯಲ್ಲಿ ಗಂಡಸರ ಕಷ್ಟದ ಮಾತುಗಳೆಲ್ಲ ಮುಗಿಯುವುದು ಹೀಗೆಯೇ.

ಇರಲಿ, ಮೊದಲಿಂದ ಹೇಳುತ್ತೇನೆ.

ಆಗ ನಾನು ಆನ್‌ಸೈಟ್ ಅಂತ ಬರ್ಮಿಂಗ್‌ಹ್ಯಾಮಿಗೆ ಬಂದು ಎಂಟು ತಿಂಗಳಾಗಿತ್ತು. ಕೆಲಸ ಪ್ರೊಡಕ್ಷನ್ ಸಪೋರ್ಟು. ಹೈವೇ ಪಕ್ಕದ ಪಂಕ್ಚರ್ ಅಂಗಡಿಯ ಹಾಗೆ; ಎಲ್ಲರ ಗಾಡಿ ಸರಿಯಾಗಿ ಓಡುವಷ್ಟು ದಿನ ನಾವು ಇದ್ದೇವೆಂದೇ ಯಾರಿಗೂ ನೆನಪಿರುವುದಿಲ್ಲ, ನಿಂತರೆ ಮಾತ್ರ ರಾತ್ರಿ ಎರಡು ಗಂಟೆಗೂ ಬಾಗಿಲು ಬಡಿಯುತ್ತಾರೆ. ವೀಕೆಂಡಿನಲ್ಲಿ ಮಾಡಲು ಕೆಲಸವಿಲ್ಲದೆ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡಿದ್ದೆ. ಮೊದಲ ಎರಡು ತಿಂಗಳು ಕಾಲುವೆಯ ಬಾತುಕೋಳಿ, ಮೂರನೇ ತಿಂಗಳು ಮಳೆಯಲ್ಲಿ ನೆನೆದ ಬಸ್ಸು. ಕ್ಯಾಮೆರಾ ಕೊಂಡ ಎಲ್ಲರೂ ಹಾಯಲೇಬೇಕಾದ ದಾರಿ ಅದು, ನೀವೂ ಹಾದಿರುತ್ತೀರಿ :)

ಒಂದು ದಿನ ನಕಾಶೆಯಲ್ಲಿ ಸುಮ್ಮನೆ ತಡಕಾಡುತ್ತಿದ್ದಾಗ ವಿಟ್ಲಿ ಕೋರ್ಟ್ ಕಣ್ಣಿಗೆ ಬಿತ್ತು. ಹೆಸರಲ್ಲಿ ಕೋರ್ಟ್ ಇದ್ದರೂ ನ್ಯಾಯಾಲಯವಲ್ಲ. ಜಮೀನ್ದಾರರ ದೊಡ್ಡ ಮನೆಗಳಿಗೆ ಇಲ್ಲಿ ಹಾಗೂ ಕರೆಯುತ್ತಾರೆ. ವೂಸ್ಟರ್‌ಶೈರಿನ ಗ್ರೇಟ್ ವಿಟ್ಲಿ ಎಂಬ ಹಳ್ಳಿಯ ಹತ್ತಿರ. (ಕಾಗುಣಿತ ನಂಬಿ 'ವೋರ್ಸೆಸ್ಟರ್' ಅಂದರೆ ಇಲ್ಲಿನವರು ಸಭ್ಯವಾಗಿ ಕೆಮ್ಮುತ್ತಾರೆ.) ಸುಟ್ಟುಹೋದ ಅರಮನೆಯಂಥ ಮನೆ, ಅದಕ್ಕೆ ಅಂಟಿಕೊಂಡಂತೆ ಒಂದು ಚರ್ಚು, ಮನೆಯ ಹಿಂದೊಂದು ದೈತ್ಯ ಕಾರಂಜಿ. ಸೆಪ್ಟೆಂಬರಿನ ಒಂದು ಶನಿವಾರ ಹೋಗುವುದೆಂದು ನಿಶ್ಚಯಿಸಿದೆ. ಕಾರಿದ್ದದ್ದು ಹುಬ್ಬಳ್ಳಿಯ ನನ್ನ ರೂಮ್‌ಮೇಟ್ ಹತ್ತಿರ. ಅವನನ್ನು ಒಪ್ಪಿಸುವುದು ಸುಲಭವಿರಲಿಲ್ಲ.

"ಟಿಕೆಟ್ ಕೊಟ್ಟು ಹಾಳ ಮನಿ ನೋಡೂದೇನಲೇ? ನಮ್ಮೂರಾಗ ಬಾ, ಪುಕ್ಕಟೆ ತೋರಸ್ತೀನಿ."

ಕೊನೆಗೆ ಬೆಳಗಿನ ಉಪ್ಪಿಟ್ಟು, ಮಧ್ಯಾಹ್ನದ ಚಿತ್ರಾನ್ನ ಎರಡೂ ನನ್ನದೇ ಎಂಬ ಕರಾರಿನ ಮೇಲೆ ಹೊರಟ.

ಒಂದು ಗಂಟೆಯ ದಾರಿ. ಹಸಿರು ಗುಡ್ಡ, ಕುರಿ, ಬೇಲಿ, ಮತ್ತೆ ಕುರಿ. ಗೇಟು ದಾಟಿ ಮರಗಳ ನಡುವೆ ಸ್ವಲ್ಪ ದೂರ ನಡೆದ ಮೇಲೆ ಮನೆ ಕಾಣಿಸಿತು. ಕಾಣಿಸಿದ ಕ್ಷಣಕ್ಕೆ ಅದು ಹಾಳುಬಿದ್ದಿದೆ ಅಂತ ಅನ್ನಿಸುವುದೇ ಇಲ್ಲ. ಉದ್ದಕ್ಕೆ ಚಾಚಿದ ಬಿಳಿ ಕಲ್ಲಿನ ಗೋಡೆ, ಎರಡಾಳು ತಬ್ಬಿದರೂ ಸಿಗದಂಥ ಕಂಬಗಳ ಮುಖಮಂಟಪ, ಸಾಲು ಸಾಲು ಕಿಟಕಿ. ಇನ್ನೇನು ಯಾರಾದರೂ ಬಾಗಿಲು ತೆಗೆದು "ಯಾರು ಬೇಕಿತ್ತು?" ಅನ್ನಬೇಕು, ಹಾಗೆ. ಹತ್ತಿರ ಹೋದಾಗ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಕಿಟಕಿಗಳೊಳಗೆ ಕತ್ತಲೆಯಿಲ್ಲ. ಮನೆಯ ಕಿಟಕಿ ಅಂದರೆ ಹಗಲಲ್ಲಿ ಹೊರಗಿಂದ ನೋಡಿದರೆ ಕಪ್ಪಗೆ ಕಾಣಬೇಕು. ಇಲ್ಲಿ ಪ್ರತಿಯೊಂದು ಕಿಟಕಿಯಲ್ಲೂ ಆಕಾಶ. ಮಾಡೇ ಇಲ್ಲ.

ರೂಮ್‌ಮೇಟ್ ಕೂಡ ಒಂದು ನಿಮಿಷ ಸುಮ್ಮನಾದ. ಅದು ಅಪರೂಪ.

ಈ ಮನೆಯ ಕಥೆ ಶುರುವಾಗುವುದು ಮೊಳೆಯಿಂದ. ಗೋಡೆಗೆ ಹೊಡೆಯುವ ಮೊಳೆಯೇ. ಕಬ್ಬಿಣದ ವ್ಯಾಪಾರದಲ್ಲಿ ದುಡ್ಡು ಮಾಡಿದ ಥಾಮಸ್ ಫೋಲಿ ಎಂಬಾತ 1655ರಲ್ಲಿ ಈ ಎಸ್ಟೇಟು ಕೊಂಡ. ಅವನಪ್ಪ ರಿಚರ್ಡ್ ಫೋಲಿಯ ಬಗ್ಗೆ ಒಂದು ದಂತಕಥೆಯಿದೆ. ಕಬ್ಬಿಣವನ್ನು ಮೊಳೆಗೆ ತಕ್ಕಂತೆ ಸಲಾಕೆಗಳಾಗಿ ಸೀಳುವ ಯಂತ್ರದ ಗುಟ್ಟು ಕದಿಯಲು ಆತ ಪಿಟೀಲು ಬಾರಿಸುವ ಭಿಕ್ಷುಕನ ವೇಷದಲ್ಲಿ ಸ್ವೀಡನ್ನಿಗೆ ಹೋಗಿದ್ದನಂತೆ. ಅದಕ್ಕೇ ಅವನಿಗೆ 'ಪಿಟೀಲು ಫೋಲಿ' ಅಂತ ಹೆಸರು. ನಿಜವೋ ಸುಳ್ಳೋ, ರಿವರ್ಸ್ ಇಂಜಿನಿಯರಿಂಗ್ ಮಾಡಿ ಇಷ್ಟು ದೊಡ್ಡ ಮನೆ ಕಟ್ಟಿದ ವಂಶ ಅಂತ ನನಗೆ ವೃತ್ತಿಬಾಂಧವ್ಯದ ಹೆಮ್ಮೆಯಾಯಿತು.

ಮುಂದಿನದ್ದು ಎಲ್ಲ ಶ್ರೀಮಂತ ಮನೆತನಗಳ ಕಥೆಯೇ. ಮೊಳೆ ಮಾರಿದವರ ಮೊಮ್ಮಕ್ಕಳು ಲಾರ್ಡ್ ಆದರು. 1805ರ ಸುಮಾರಿಗೆ ಜಾನ್ ನ್ಯಾಶ್ ಎಂಬ ದೊಡ್ಡ ವಾಸ್ತುಶಿಲ್ಪಿಯನ್ನು ಕರೆಸಿ ಆ ಕಂಬಗಳ ಮಂಟಪ ಹಾಕಿಸಿದರು. ಸಾಲ ಏರಿತು. 1837ರಲ್ಲಿ ಮನೆ, ಜಮೀನು ಸಮೇತ 8,90,000 ಪೌಂಡಿಗೆ ಮಾರಿದರು. ಕೊಂಡದ್ದು ಕಲ್ಲಿದ್ದಲು ಮತ್ತು ಕಬ್ಬಿಣದ ಗಣಿಗಳ ವಾರಸುದಾರ ವಿಲಿಯಂ ವಾರ್ಡ್ ಪರವಾಗಿ. ಮುಂದೆ ಅರ್ಲ್ ಆಫ್ ಡಡ್ಲಿ ಆದವನು. ಅವನು 1850ರ ದಶಕದಲ್ಲಿ ಸ್ಯಾಮ್ಯುಯೆಲ್ ಡಾಕ್ಸ್ ಎಂಬ ವಾಸ್ತುಶಿಲ್ಪಿಯಿಂದ ಹಳೇ ಇಟ್ಟಿಗೆ ಮನೆಗೆ ಬಾತ್ ಕಲ್ಲಿನ ಅಂಗಿ ತೊಡಿಸಿ ಇಟಲಿಯ ಅರಮನೆಯಂತೆ ಮಾಡಿಸಿದ. ನೆಸ್‌ಫೀಲ್ಡ್ ತೋಟ ಮಾಡಿದ, ಜೇಮ್ಸ್ ಫೋರ್ಸೈತ್ ಕಾರಂಜಿಯ ಶಿಲ್ಪ ಕೆತ್ತಿದ. ರೆಕ್ಕೆಯ ಕುದುರೆಯ ಮೇಲೆ ಪರ್ಸಿಯಸ್, ಬಂಡೆಗೆ ಕಟ್ಟಿಹಾಕಿದ ಆಂಡ್ರೊಮಿಡಾ, ಅವಳನ್ನು ತಿನ್ನಲು ಬಂದ ಸಮುದ್ರ ರಾಕ್ಷಸ. ರಾಕ್ಷಸನ ಬಾಯಿಂದ ನೀರು ಸುಮಾರು 120 ಅಡಿ ಚಿಮ್ಮುತ್ತಿತ್ತಂತೆ, ನೀರೆತ್ತಲು ಉಗಿಯಂತ್ರ. ಮುಂದೆ ಏಳನೇ ಎಡ್ವರ್ಡ್ ಆದ ರಾಜಕುಮಾರ ಇಲ್ಲಿ ಶಿಕಾರಿಗೆ, ಪಾರ್ಟಿಗೆ ಬಂದು ಉಳಿಯುತ್ತಿದ್ದ.

1920ರಲ್ಲಿ ಡಡ್ಲಿಗಳೂ ಮಾರಿದರು. ಈ ಸಲ ಕೊಂಡವರು ಹತ್ತಿರದ ಕಿಡರ್‌ಮಿನ್‌ಸ್ಟರ್‌ನ ಕಾರ್ಪೆಟ್ ಉದ್ಯಮಿ ಸರ್ ಹರ್ಬರ್ಟ್ ಸ್ಮಿತ್. ಮೊಳೆ, ಕಲ್ಲಿದ್ದಲು, ಕಾರ್ಪೆಟ್ಟು! ಸ್ಮಿತ್ ಕಾಲಕ್ಕೆ ಆಳುಕಾಳು ಕಡಿಮೆಯಾಗಿತ್ತು, ಮನೆಯ ಎಷ್ಟೋ ಭಾಗಕ್ಕೆ ಬೀಗ ಬಿದ್ದಿತ್ತು. 1937ರ ಸೆಪ್ಟೆಂಬರ್ 7ರ ರಾತ್ರಿ ಯಜಮಾನ ಊರಲ್ಲಿಲ್ಲದಾಗ ನೆಲಮಾಳಿಗೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಗಾಳಿಯೂ ಜೋರಿತ್ತು. ಕೆಲಸದವರು ಕೈಲಾದದ್ದೆಲ್ಲ ಮಾಡಿದರು. ಕಾರಂಜಿಯ ನೀರಿನ ವ್ಯವಸ್ಥೆಯಿಂದ ಬೆಂಕಿ ಆರಿಸಬಹುದು ಅಂತ ನೋಡಿದರೆ, ವರ್ಷಗಟ್ಟಲೆ ಯಾರೂ ಅದನ್ನು ಸರಿಯಾಗಿ ಇಟ್ಟುಕೊಂಡಿರಲಿಲ್ಲವಾದ್ದರಿಂದ ಅದು ಕೈಕೊಟ್ಟಿತು.

ಇದನ್ನು ಅಲ್ಲಿಯ ಫಲಕದ ಮುಂದೆ ನಿಂತು ರೂಮ್‌ಮೇಟ್‌ಗೆ ಹೇಳಿದೆ. ಅವನು ಬ್ಯಾಕಪ್ ಟೀಮಿನವನು. "ರಿಸ್ಟೋರ್ ಟೆಸ್ಟ್ ಮಾಡಿಲ್ಲ ಅಂದ್ರ ಬ್ಯಾಕಪ್ ಇಲ್ಲ ಅಂತನ ಅರ್ಥ" ಅಂದ. ಆ ದಿನ ಅವನಾಡಿದ ಮಾತುಗಳಲ್ಲಿ ಚಿತ್ರಾನ್ನಕ್ಕೆ ಸಂಬಂಧಪಡದ್ದು ಇದೊಂದೇ.

ಸ್ಮಿತ್ ಮತ್ತೆ ಕಟ್ಟಿಸಲಿಲ್ಲ. ಎಸ್ಟೇಟು ಹರಾಜಾಗಿ ಹಂಚಿಹೋಯಿತು. ಮನೆ ಪೂರ್ತಿ ಸುಟ್ಟಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಬೆಂಕಿ ತಿಂದದ್ದು ಒಂದು ಪಾಲು. ಆಮೇಲೆ ಗುಜರಿಯವರ ಕೈಗೆ ಹೋಯಿತು. ಮಾಡಿನ ಸೀಸದ ಹಾಳೆ, ತೊಲೆ, ಬಾಗಿಲು, ಅಮೃತಶಿಲೆ, ಬಿಚ್ಚಲು ಬರುವ ಏನೇನಿತ್ತೋ ಎಲ್ಲವನ್ನೂ ವರ್ಷಗಟ್ಟಲೆ ಬಿಚ್ಚಿ ಮಾರಿದರು. 1967ರಲ್ಲಿ ಪ್ರೊಕಲ್ ಹ್ಯಾರಂ ಎಂಬ ಬ್ಯಾಂಡಿನವರು ತಮ್ಮ ಪ್ರಸಿದ್ಧ ಹಾಡೊಂದರ ಚಿತ್ರೀಕರಣಕ್ಕೆ ಇಲ್ಲಿಗೆ ಬಂದಾಗ ಆಗಲೇ ಅಸ್ಥಿಪಂಜರ. 1972ರಲ್ಲಿ ಸರ್ಕಾರ ತನ್ನ ಸುಪರ್ದಿಗೆ ತೆಗೆದುಕೊಂಡ ಮೇಲೆಯೇ ಬೀಳುವುದು ನಿಂತದ್ದು. ಈಗ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ನೋಡಿಕೊಳ್ಳುತ್ತದೆ. ಹೊಸದಾಗಿ ಮಾಡಿಲ್ಲ, ಬೀಳಲೂ ಬಿಟ್ಟಿಲ್ಲ. ಇದ್ದಷ್ಟನ್ನು ಇದ್ದ ಹಾಗೇ ನಿಲ್ಲಿಸಿದ್ದಾರೆ, ಅಷ್ಟೇ.

ಫೋಟೋ ತೆಗೆಯುವವನಿಗೆ ಮಾಡಿಲ್ಲದ ಮನೆ ಒಂದು ವಿಚಿತ್ರ ಸಮಸ್ಯೆ. ಮನೆಯೊಳಗಿನ ಬೆಳಕು ಯಾವಾಗಲೂ ಪಕ್ಕದಿಂದ ಬರುತ್ತದೆ, ಕಿಟಕಿಯಿಂದಲೋ ಬಾಗಿಲಿಂದಲೋ. ನಮ್ಮ ಕಣ್ಣು ಅದಕ್ಕೆ ಒಗ್ಗಿಹೋಗಿದೆ. ಇಲ್ಲಿ ಬಾಲ್‌ರೂಮಿನ ನಡುವೆ ನಿಂತರೆ ಬೆಳಕು ನೆತ್ತಿಯ ಮೇಲಿಂದ ಸುರಿಯುತ್ತದೆ, ಬಾವಿಯೊಳಗೆ ನಿಂತಂತೆ. ಗೋಡೆಯಲ್ಲಿ ಅರ್ಧ ಉಳಿದ ಗಾರೆಯ ಹೂಬಳ್ಳಿಯ ನೆರಳು ಕೆಳಮುಖವಾಗಿ ಬೀಳುತ್ತದೆ. ಅದನ್ನು ಮಾಡಿದ ಕುಶಲಕರ್ಮಿ ಆ ನೆರಳನ್ನು ಯಾವತ್ತೂ ನೋಡಿರಲಿಕ್ಕಿಲ್ಲ. ಅಟ್ಟವೇ ಇಲ್ಲದ ಮಹಡಿಯ ಎತ್ತರದಲ್ಲಿ ಗೋಡೆಗಂಟಿ ಒಂದು ಬೆಂಕಿಗೂಡು. ಅದರ ಕೆಳಗೆ ತೊಲೆಗಳು ಕೂತಿದ್ದ ಚೌಕ ಗೂಡುಗಳ ಸಾಲು, ಒಂದರಲ್ಲಿ ಪಾರಿವಾಳ. ಯಾರೋ ಚಳಿಗಾಲದಲ್ಲಿ ಆ ಬೆಂಕಿಯ ಮುಂದೆ ಕಾಲು ಚಾಚಿ ಕೂರುತ್ತಿದ್ದ ನೆಲ ಈಗ ಬರೀ ಗಾಳಿ.

ಆಕಾಶಕ್ಕೆ ಎಕ್ಸ್‌ಪೋಷರ್ ಇಟ್ಟರೆ ಗೋಡೆ ಕಪ್ಪು, ಗೋಡೆಗೆ ಇಟ್ಟರೆ ಆಕಾಶ ಬಿಳೀ ಹಾಳೆ. ಮೂರು ಮೂರು ಶಾಟ್ ತೆಗೆದು ಆಮೇಲೆ ಜೋಡಿಸುವ ಉಪಾಯ ಮಾಡಿದೆ. ಜೊತೆಗೆ ಜನರ ಕಾಟ. ಟ್ರೈಪಾಡ್ ಹೂಡಿ ಕಾಯುತ್ತಿದ್ದೆ. ಕೆಂಪು ಜಾಕೆಟ್ಟಿನ ಮಗು ಫ್ರೇಮಿನಿಂದಾಚೆ ಹೋಗುವ ಹೊತ್ತಿಗೆ ಅದರಜ್ಜ ನಾಯಿ ಹಿಡಿದು ಒಳಬರುತ್ತಿದ್ದ. ಒಂದೊಂದು ಫೋಟೋಗೆ ಹತ್ತು ನಿಮಿಷ. ಖಾಲಿ ಮನೆ ಖಾಲಿಯಾಗೇ ಕಾಣಬೇಕು ಅಂತ ನನ್ನ ಹಟ. ರೂಮ್‌ಮೇಟ್‌ಗೂ ಎರಡು ಸಲ ಗದರಿದೆ, "ಸರಿಯೋ ಆ ಕಡೆ" ಅಂತ.

ಗಂಟೆಯಾಗುತ್ತಿದ್ದಂತೆ ಎಲ್ಲರೂ ಹಿಂದಿನ ತೋಟಕ್ಕೆ ನಡೆದರು, ಕಾರಂಜಿ ಬಿಡುತ್ತಾರೆ ಅಂತ. ದಶಕಗಟ್ಟಲೆ ಒಣಗಿ ನಿಂತಿದ್ದನ್ನು ರಿಪೇರಿ ಮಾಡಿ ಮತ್ತೆ ಚಾಲೂ ಮಾಡಿದ್ದಾರೆ. ಮೊದಲು ಸಣ್ಣಸಣ್ಣ ಸೆಲೆಗಳು, ಆಮೇಲೆ ರಾಕ್ಷಸನ ಬಾಯಿಂದ ಭರ್ ಅಂತ. ಜನ ಚಪ್ಪಾಳೆ ಹೊಡೆದರು. ನಾನು ಮನೆಯ ಕಡೆ ತಿರುಗಿ ನೋಡಿದೆ. ಅಗತ್ಯವಿದ್ದ ರಾತ್ರಿ ಬಾರದ ನೀರು ಈಗ ಗಂಟೆಗೊಮ್ಮೆ ತಪ್ಪದೆ ಬರುತ್ತಿದೆ.

ಚರ್ಚಿಗೆ ಕೊನೆಯಲ್ಲಿ ಹೋದದ್ದು. ನಿಜ ಹೇಳಬೇಕೆಂದರೆ ಅದರ ಮೇಲೆ ನನಗೆ ಅಂಥಾ ನಿರೀಕ್ಷೆಯೇನೂ ಇರಲಿಲ್ಲ. ಸಂತ ಮೈಕೇಲ್ ಮತ್ತು ಸಕಲ ದೇವದೂತರ ಚರ್ಚು ಅಂತ ಹೆಸರು. ಹೊರಗಿಂದ ಗಂಭೀರ, ಸ್ವಲ್ಪ ಬೋರಿಂಗ್ ಅಂತಲೇ ಹೇಳಬಹುದಾದ ಕಲ್ಲುಕಟ್ಟಡ. ಮನೆಯ ಮಗ್ಗುಲಿಗೇ ಇದೆ, ಬೆಂಕಿ ಇದನ್ನು ಮುಟ್ಟಲಿಲ್ಲ. ಬಾಗಿಲು ತಳ್ಳಿ ಒಳಗೆ ಕಾಲಿಟ್ಟೆ.

ಅರ್ಧ ದಿನ ಬೂದು ಗೋಡೆ ನೋಡಿ ಬಂದ ಕಣ್ಣಿಗೆ ಅದು ಅನ್ಯಾಯ. ಇಡೀ ಒಳಭಾಗ ಬಿಳಿ ಮತ್ತು ಚಿನ್ನ. ಛಾವಣಿಯಲ್ಲಿ ದೊಡ್ಡ ದೊಡ್ಡ ವರ್ಣಚಿತ್ರಗಳು, ಇಟಲಿಯ ಆಂಟೋನಿಯೊ ಬೆಲುಚ್ಚಿ ಎಂಬವನು ಬಿಡಿಸಿದ್ದು. ನಡುವಿನದರಲ್ಲಿ ಏಸು ಸ್ವರ್ಗಕ್ಕೇರುತ್ತಿದ್ದಾನೆ. ಹತ್ತು ಕಿಟಕಿಗಳಲ್ಲಿ ಬಣ್ಣದ ಗಾಜಿನ ಚಿತ್ರಗಳು. ಒಂದು ಪಕ್ಕದಲ್ಲಿ ಮೊದಲ ಲಾರ್ಡ್ ಫೋಲಿ ಕುಟುಂಬ ಸಮೇತ ಅಮೃತಶಿಲೆಯಲ್ಲಿ ಕೂತಿದ್ದಾನೆ, ರಿಸ್‌ಬ್ರಾಕ್ ಎಂಬ ಶಿಲ್ಪಿಯ ಕೈಯದು. ಎಲ್ಲಿ ನೋಡಿದರೂ ಹೂವಿನ ಸುರುಳಿ, ದೇವದೂತರ ಗುಂಡುಮುಖ, ಚಿನ್ನದ ಮುಲಾಮು. ಇಂಗ್ಲೆಂಡಿನ ಹಳ್ಳಿಯಲ್ಲಿ ಇಂಥದ್ದು ಇರುವುದುಂಟೇ ಅಂತ ಅನ್ನಿಸುವಷ್ಟು.

ಬಾಗಿಲ ಬಳಿ ಮೇಜಿನ ಹಿಂದೆ ಕೂತಿದ್ದ ಅಜ್ಜಿಯೊಬ್ಬರ ಹತ್ತಿರ ಫೋಟೋ ತೆಗೀಬಹುದೇ ಅಂತ ಕೇಳಿದೆ. ಧಾರಾಳವಾಗಿ ತೆಗಿ ಅಂದರು. ಟ್ರೈಪಾಡ್ ಹೂಡುವಷ್ಟರಲ್ಲಿ ಅವರೇ ಎದ್ದು ಬಂದು, ಮೇಲಿನ ಸುರುಳಿಗಳನ್ನು ತೋರಿಸಿ, ಅದು ಯಾವುದರಿಂದ ಮಾಡಿದ್ದು ಹೇಳು ನೋಡೋಣ ಎಂದರು. ಗಾರೆ ಅಂದೆ. ಅಲ್ಲವಂತೆ, ಕಾಗದ! ಕಾಗದ ಅರೆದು ಅಂಟು ಹಾಕಿ ಅಚ್ಚೊತ್ತಿದ ಪೇಪಿಯೆ ಮಾಶೆ. ಯಾಕೆ ಗೊತ್ತಾ ಅಂತ ಅವರು ಶುರುಮಾಡಿದ ಕಥೆ ನನ್ನ ಇಡೀ ದಿನವನ್ನೇ ತಿರುಗಿಸಿಹಾಕಿತು.

ಈ ಚರ್ಚು 1735ರಲ್ಲಿ ಪ್ರತಿಷ್ಠಾಪನೆಯಾದಾಗ ಒಳಗೆ ಇದ್ಯಾವುದೂ ಇರಲಿಲ್ಲ. ಲಂಡನ್ನಿನ ಬಳಿ, ಎಜ್‌ವೇರ್ ಹತ್ತಿರ ಕ್ಯಾನನ್ಸ್ ಅಂತ ಇನ್ನೊಂದು ಭಾರೀ ಮನೆಯಿತ್ತು. ಚಾಂಡೋಸಿನ ಡ್ಯೂಕ್ ಜೇಮ್ಸ್ ಬ್ರಿಜಸ್ ಕಟ್ಟಿಸಿದ್ದು. ಅದರಲ್ಲೊಂದು ಖಾಸಗಿ ಪ್ರಾರ್ಥನಾಲಯ. 1717-18ರಲ್ಲಿ ಸಂಗೀತಗಾರ ಹ್ಯಾಂಡೆಲ್ ಆ ಡ್ಯೂಕನ ಆಶ್ರಯದಲ್ಲಿದ್ದು ಚಾಂಡೋಸ್ ಆಂಥೆಮ್‌ಗಳನ್ನು ರಚಿಸಿದ. 1720ರ ಸೌತ್ ಸೀ ಷೇರು ಕುಸಿತದಲ್ಲಿ ಡ್ಯೂಕ್ ತುಂಬಾ ಕಳೆದುಕೊಂಡ. (ಷೇರು ಮಾರ್ಕೆಟ್ ಆಗಲೂ ಹಾಗೇ.) 1744ರಲ್ಲಿ ಅವನು ಸತ್ತ, ಮಗನಿಗೆ ಮನೆ ಸಾಕುವ ತಾಕತ್ತಿರಲಿಲ್ಲ. 1747ರಲ್ಲಿ ಇಡೀ ಮನೆಯನ್ನು ಕಳಚಿ, ತುಂಡುತುಂಡಾಗಿ ಹರಾಜು ಹಾಕಿದರು. ಎರಡನೇ ಲಾರ್ಡ್ ಫೋಲಿ ಅಲ್ಲಿಂದ ಪ್ರಾರ್ಥನಾಲಯದ ಛಾವಣಿಯ ಚಿತ್ರಗಳು, ಹತ್ತು ಕಿಟಕಿಗಳು, ಆರ್ಗನ್ನಿನ ಕವಚ ಎಲ್ಲವನ್ನೂ ಕೊಂಡು ಇಲ್ಲಿಗೆ ಹೊತ್ತು ತಂದ. ಚಿತ್ರ ಸುತ್ತಿ ತರಬಹುದು, ಗಾಜು ಹುಲ್ಲಿನಲ್ಲಿಟ್ಟು ತರಬಹುದು. ಗೋಡೆಗಂಟಿದ ಗಾರೆ ಕೆಲಸ ತರುವುದು ಹೇಗೆ? ಅದಕ್ಕೇ ಅದರ ಅಚ್ಚು ತೆಗೆದು ಕಾಗದದಲ್ಲಿ ಮಾಡಿದರಂತೆ.

ಅಂದರೆ ನಾನು ಬಾಯಿಬಿಟ್ಟು ನೋಡುತ್ತಿದ್ದದ್ದು ಒಂದು ಮುರಿದ ಮನೆಯ ಮಾಲು! ಪಕ್ಕದ ಮನೆಯ ತೊಲೆ ಬಾಗಿಲನ್ನು ಕಿತ್ತು ಮಾರಿದರಲ್ಲ ಅಂತ ಬೆಳಗಿಂದ ಮರುಗಿದವನು, ಅದೇ ರೀತಿ ಕಿತ್ತು ತಂದದ್ದರ ಕೆಳಗೆ ನಿಂತು ಆಹಾ ಅನ್ನುತ್ತಿದ್ದೆ. ಕ್ಯಾನನ್ಸ್ ಹೋಯಿತು. ತಂದವರ ಮನೆಯೂ ಹೋಯಿತು. ನಡುವೆ ಇದು ಉಳಿದಿದೆ, ಯಾಕೆಂದರೆ ಇದು ಯಜಮಾನರ ಖಾಸಗಿ ಆಸ್ತಿಯಲ್ಲ, ಊರವರ ಚರ್ಚು. "ನಾಳೆ ಪ್ರಾರ್ಥನೆಯಿದೆ, ಬಾ" ಅಂತ ಕರೆದರು ಅಜ್ಜಿ.

ಅಲ್ಲಿ ತೆಗೆದ ಮೂರು ಫೋಟೋಗಳನ್ನೇ ಅಪ್ಪಯ್ಯನಿಗೆ ಕಳಿಸಿದ್ದು. ಆಗ ಬಂದದ್ದು ಮೇಲಿನ ಮಾತು.

ಅದರ ಹಿನ್ನೆಲೆ ಸ್ವಲ್ಪ ಹೇಳಬೇಕು. ನಮ್ಮ ಅಜ್ಜನ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಒಳಗೆ. ಅಜ್ಜಿ ತೀರಿಕೊಂಡು ಆರು ವರ್ಷವಾಯಿತು, ಅಂದಿನಿಂದ ಬೀಗ. ಅಪ್ಪಯ್ಯ ಮೇಷ್ಟ್ರಾಗಿದ್ದವರು, ರಿಟೈರ್ ಆಗಿ ಶಿವಮೊಗ್ಗದಲ್ಲಿದ್ದಾರೆ. ಚಿಕ್ಕಪ್ಪಂದಿರಲ್ಲಿ ಒಬ್ಬರು ಮೈಸೂರು, ಇನ್ನೊಬ್ಬರು ಪುಣೆ. ಅಲ್ಲಿನ ಮಳೆಗೆ ಹೆಂಚಿನ ಮನೆ ನಿಲ್ಲಬೇಕಾದರೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಬೇಕು. ಒಂದು ಹೆಂಚು ಮಂಗ ಒಡೆದರೆ ಅದರ ಕೆಳಗಿನ ರೀಪು ಆ ಮಳೆಗಾಲ ನೆನೆಯುತ್ತದೆ, ಮುಂದಿನ ಮಳೆಗಾಲ ಪಕಾಸಿ, ಅದರ ಮುಂದಿನದಕ್ಕೆ ಗೋಡೆ. ಬೆಂಕಿಯೇನೂ ಬೇಕಿಲ್ಲ. ಆ ವರ್ಷ ಹಿಂದಿನ ಬಚ್ಚಲಿನ ಗೋಡೆ ಕೂತುಹೋಗಿತ್ತು.

ಆಗಸ್ಟಿನಲ್ಲಿ ಘಟ್ಟದ ಕೆಳಗಿನ ಹಳೇ ಮರದ ವ್ಯಾಪಾರಿಯೊಬ್ಬ ಬಂದು ನೋಡಿಕೊಂಡು ಹೋಗಿದ್ದ. ಜಗುಲಿಯ ಹಲಸಿನ ಮುಂಡಿಗೆಗಳು, ನಾಗಂದಿಗೆ, ಹೆಬ್ಬಾಗಿಲು, ಮೆತ್ತಿನ ಹಲಗೆ ಎಲ್ಲ ಸೇರಿಸಿ ಒಂದು ರೇಟು ಹೇಳಿದ್ದ. ಯಾವುದೋ ರೆಸಾರ್ಟಿಗಂತೆ. ಆ ದುಡ್ಡನ್ನು ಮೂರು ಪಾಲು ಮಾಡಿದರೆ ಒಂದು ಪಾಲು ನನ್ನ ಎರಡು ತಿಂಗಳ ಸಂಬಳವೂ ಆಗುತ್ತಿರಲಿಲ್ಲ. ಸುದ್ದಿ ಕೇಳಿ ನಾನು ಬರ್ಮಿಂಗ್‌ಹ್ಯಾಮಿನಿಂದ ಹಾರಾಡಿದ್ದೆ. ಮಾರಕೂಡದು, ಅದು ಹೆರಿಟೇಜು, ನಿಮಗೆ ಬೆಲೆ ಗೊತ್ತಿಲ್ಲ, ರಿಪೇರಿಗೆ ಎಷ್ಟು ಬೇಕು ಹೇಳಿ ಈಗಲೇ ಹಾಕ್ತೀನಿ, ಇತ್ಯಾದಿ. ಅಪ್ಪಯ್ಯ ಎಲ್ಲ ಕೇಳಿಸಿಕೊಂಡು, "ದುಡ್ಡು ಇದೆ ಮಾರಾಯ. ಹೆಂಚು ಕೈಯಾಡ್ಸೋಕೆ ಮಾಡು ಹತ್ತುವವರು ಯಾರೂ ಇಲ್ಲ. ನನಗೆ ಮಂಡಿ ನೋವು. ನೀನು ಬಂದು ಇರ್ತೀಯಾ?" ಅಂದಿದ್ದರು.

ನಾನು ಮೀಟಿಂಗ್ ಇದೆ ಅಂತ ಫೋನಿಟ್ಟೆ. ಮೀಟಿಂಗ್ ಇರಲಿಲ್ಲ.

ವಿಟ್ಲಿಯಿಂದ ವಾಪಸು ಬಂದ ರಾತ್ರಿ ಫೋಟೋ ಲೆಕ್ಕ ಹಾಕಿದೆ. 312. ಯಾರದೋ ಬಾಲ್‌ರೂಮು, ಯಾರದೋ ಬೆಂಕಿಗೂಡು, ಯಾರದೋ ಸಮಾಧಿ. ಆಮೇಲೆ ಅಜ್ಜನ ಮನೆಯ ಫೋಟೋ ಹುಡುಕಿದೆ. ಸಿಕ್ಕಿದ್ದು ನಾಲ್ಕು. ಒಂದು ನನ್ನ ಉಪನಯನದ್ದು, ಹಿಂದೆ ಮಸುಕಾಗಿ ಮುಂಡಿಗೆ. ಎರಡು ಅಜ್ಜಿಯ ಹದಿಮೂರರ ದಿನದ ಪಂಕ್ತಿ. ಇನ್ನೊಂದು ನಾನು ಹೊಸ ಬೈಕ್ ಮೇಲೆ ಕೂತದ್ದು, ಅಂಗಳದಲ್ಲಿ, ಮನೆಗೆ ಬೆನ್ನು ಹಾಕಿ.

ಒಂದು ವಾರ ಬಿಟ್ಟು ಫೋನ್ ಮಾಡಿ ಅಪ್ಪಯ್ಯನಿಗೆ ಕ್ಯಾನನ್ಸ್ ಕಥೆ ಹೇಳಿದೆ. ಬೈಯದೆ, ಬುದ್ಧಿ ಹೇಳದೆ, ಸುಮ್ಮನೆ ಕಥೆಯಾಗಿ. ಮೇಷ್ಟ್ರು ಆಸಕ್ತಿಯಿಂದ ಕೇಳಿದರು. ಕಾಗದದ ಹೂಬಳ್ಳಿಯ ವಿಷಯ ಎರಡು ಸಲ ಹೇಳಿಸಿಕೊಂಡರು.

"ಹಾಗಾದ್ರೆ ಕೊಂಡವನು ಒಳ್ಳೇ ಜಾಗದಲ್ಲಿ ಇಟ್ಟ ಅನ್ನು."

"ಹೌದು."

"ನಮ್ಮ ಮುಂಡಿಗೆ ಹಾಕ್ಕೊಂಡು ಅವನು ಜಗುಲಿ ಮಾಡ್ತಾನೋ ಬಾರು ಮಾಡ್ತಾನೋ ಯಾರಿಗ್ಗೊತ್ತು." ಸ್ವಲ್ಪ ಹೊತ್ತು ಬಿಟ್ಟು, "ಮನೆಯೊಳಗೆ ನಿಂತು ಗೆದ್ದಲು ತಿನ್ನೋದಕ್ಕಿಂತ ವಾಸಿ ಅಲ್ವನಾ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಡಿಸೆಂಬರಿನವರೆಗೆ ತಡೆಯಿರಿ, ನಾನು ಬರ್ತೀನಿ ಅಂದೆ. "ಬಂದು?" ಅಂದರು. "ಫೋಟೋ ತೆಗೀತೀನಿ" ಅಂದೆ. ಕೇಳಲಿಕ್ಕೇ ನಾಚಿಕೆಯಾಗುವಂಥ ಉತ್ತರ. ಆದರೆ ಅವರು "ಆಯ್ತು" ಅಂದರು.

ಡಿಸೆಂಬರಿನಲ್ಲಿ ಎರಡು ವಾರ ರಜೆ ಸಿಕ್ಕಿತು. ಅಪ್ಪಯ್ಯ, ನಾನು ಇಬ್ಬರೇ ಶಿವಮೊಗ್ಗದಿಂದ ಬೆಳಿಗ್ಗೆ ಹೊರಟೆವು. ಅಂಗಳದಲ್ಲಿ ಹುಲ್ಲು ಮೊಣಕಾಲೆತ್ತರ, ತುಳಸಿಕಟ್ಟೆಯಲ್ಲಿ ತುಳಸಿಯ ಬದಲು ಏನೋ ಕಳೆ. ಬೀಗ ತೆಗೆಯಲು ಸೀಮೆಎಣ್ಣೆ ಬಿಡಬೇಕಾಯಿತು. ಒಳಗಿನ ವಾಸನೆ ಮಾತ್ರ ಹಾಗೇ ಇತ್ತು, ಹೊಗೆ, ಸುಲಿದ ಅಡಿಕೆ ಮತ್ತು ಬಾವಲಿ. ಬಾವಲಿಯದ್ದು ಹೊಸದು.

ವಿಟ್ಲಿಯಲ್ಲಿ ಬೆಳಕು ಹೆಚ್ಚಾಗಿ ಕಷ್ಟ, ಇಲ್ಲಿ ಬೆಳಕೇ ಇಲ್ಲ. ಮಲೆನಾಡಿನ ಹಳೇ ಮನೆ ಕಟ್ಟಿದ್ದೇ ಮಳೆಯನ್ನು ಹೊರಗಿಡಲು, ಜೊತೆಗೆ ಬೆಳಕೂ ಹೊರಗೇ ಉಳಿದಿದೆ. ಕರೆಂಟ್ ಕನೆಕ್ಷನ್ ತೆಗೆಸಿ ವರ್ಷಗಳಾಗಿತ್ತು. ಜಗುಲಿ, ಮೆತ್ತು ಹೇಗೋ ಆಯಿತು. ಮುಂಡಿಗೆಗಳು ಹದಿನಾಲ್ಕು, ಅಷ್ಟು ವರ್ಷ ಅಲ್ಲಿ ಕಣ್ಣಾಮುಚ್ಚಾಲೆ ಆಡಿದ್ದರೂ ಎಣಿಸಿದ್ದು ಅವತ್ತೇ. ಅಪ್ಪಯ್ಯ ಹಿಂದೆ ಹಿಂದೆ ಬರುತ್ತಿದ್ದರು. ಇಲ್ಲಿ ಅಜ್ಜ ಕವಳ ಹಾಕ್ತಾ ಕೂರ್ತಿದ್ದದ್ದು, ಈ ಗೀರು ನಿನ್ನ ಚಿಕ್ಕಪ್ಪ ಚಾಕು ಪರೀಕ್ಷೆ ಮಾಡಿದ್ದು, ಅಂತೆಲ್ಲ. ನಾನು ಫ್ರೇಮು ಸರಿಮಾಡುತ್ತಾ, "ಒಂಚೂರು ಆ ಕಡೆ ನಿಲ್ತೀರಾ ಅಪ್ಪಯ್ಯ" ಅಂತ ಹತ್ತು ಸಲವಾದರೂ ಅಂದಿರಬೇಕು. ಅವರು ಪ್ರತಿ ಸಲವೂ ಸರಿದು ನಿಂತರು.

ದೇವರ ಕೋಣೆಗೆ ಕೊನೆಯಲ್ಲಿ ಬಂದೆವು. ತಲೆ ತಗ್ಗಿಸದೆ ಒಳಗೆ ಹೋಗಲು ಬಾರದ ಬಾಗಿಲು. ಬೇಕೆಂದೇ ಹಾಗೆ ಮಾಡುತ್ತಿದ್ದದ್ದು ಅಂತ ಅಜ್ಜ ಹೇಳುತ್ತಿದ್ದರು. ದೇವರು ಈಗ ಅಲ್ಲಿಲ್ಲ. ಅಜ್ಜಿ ಹೋದ ಮೇಲೆ ಸಾಲಿಗ್ರಾಮ, ವಿಗ್ರಹ ಎಲ್ಲವನ್ನೂ ಅಪ್ಪಯ್ಯ ಶಿವಮೊಗ್ಗಕ್ಕೆ ತಂದು ದಿನಾ ಪೂಜೆ ಮಾಡುತ್ತಾರೆ. ಉಳಿದದ್ದು ಮರದ ಮಂಟಪ, ಗೋಡೆಯಲ್ಲಿ ದೀಪದ ಗೂಡಿನ ಮೇಲೆ ತಲೆಮಾರುಗಳ ಮಸಿ, ನೆಲದಲ್ಲಿ ಕೂತೂ ಕೂತೂ ನುಣುಪಾದ ಒಂದು ಜಾಗ. ಪೂರ್ತಿ ಕತ್ತಲೆ. ಫ್ಲಾಶ್ ಹಾಕಿದರೆ ಪೊಲೀಸ್ ಪಂಚನಾಮೆಯ ಫೋಟೋ ಥರ ಬರುತ್ತಿತ್ತು.

ಆಗ ಒಂದು ಉಪಾಯ ಹೊಳೆಯಿತು. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು ಮೂವತ್ತು ಸೆಕೆಂಡ್ ಕಣ್ಣು ತೆರೆದಿಡುವುದು. ಅಷ್ಟು ಹೊತ್ತು ಯಾರಾದರೂ ಒಳಗೆ ಓಡಾಡುತ್ತಾ ಟಾರ್ಚಿನಿಂದ ಗೋಡೆಗಳ ಮೇಲೆ ನಿಧಾನ ಬೆಳಕು ಬಳಿಯುವುದು, ಸಾರಣೆ ಮಾಡಿದ ಹಾಗೆ. ಟಾರ್ಚ್ ತನ್ನ ಮೇಲೆ ಬೀಳದಂತೆ, ಒಂದೇ ಕಡೆ ನಿಲ್ಲದೆ ಓಡಾಡಿದರೆ ಆ ಮನುಷ್ಯ ಫೋಟೋದಲ್ಲಿ ಮೂಡುವುದೇ ಇಲ್ಲ. ಅಪ್ಪಯ್ಯನಿಗೆ ವಿವರಿಸಿದೆ. ತಕ್ಷಣ ಅರ್ಥವಾಯಿತು. ಬಾಗಿಲ ಬಳಿ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಒಳಗೆ ಹೋದರು. ನಾನು ಬಟನ್ ಒತ್ತಿ ಗಟ್ಟಿಯಾಗಿ ಎಣಿಸತೊಡಗಿದೆ.

ಮೊದಲ ಸಲ ಮಂಟಪಕ್ಕೆ ಬೆಳಕು ಜಾಸ್ತಿಯಾಯಿತು. ಎರಡನೇ ಸಲ ಮೂಲೆ ಬಿಟ್ಟುಹೋಯಿತು. ಮೂರನೇ ಸಲ ಅವರು ಬಲದಿಂದ ಶುರುಮಾಡಿ ದೀಪದ ಗೂಡು, ಮಂಟಪ, ನೆಲ, ಎಡಗೋಡೆ ಅಂತ ಒಂದು ಸುತ್ತು ಬಂದರು. ಕೈ ನಡುಗಲಿಲ್ಲ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಪರದೆಯ ಮೇಲೆ ಮೂಡಿದ್ದನ್ನು ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದೆವು. ಇಡೀ ಕೋಣೆ ಹತ್ತು ದೀಪ ಹಚ್ಚಿಟ್ಟ ಹಾಗೆ ಬೆಳಗಿತ್ತು. ಮೇಲಿನ ತೊಲೆಯಲ್ಲಿ ಸಣ್ಣ ಹೂವಿನ ಕೆತ್ತನೆ ಇತ್ತು. ಅದನ್ನು ಅಪ್ಪಯ್ಯ ಕೂಡ ಯಾವತ್ತೂ ನೋಡಿರಲಿಲ್ಲವಂತೆ. "ಇದು ಇತ್ತನಾ ಇಲ್ಲಿ!" ಅಂದರು.

ಜನವರಿಯಲ್ಲಿ ವ್ಯಾಪಾರಿ ಲಾರಿ ತಂದ. ನಾನಾಗ ವಾಪಸು ಬಂದಾಗಿತ್ತು. ಆ ಹೂವಿನ ತೊಲೆ ಮತ್ತು ದೇವರ ಕೋಣೆಯ ಬಾಗಿಲು ಕೊಡುವುದಿಲ್ಲ ಅಂತ ಅಪ್ಪಯ್ಯ ಹೇಳಿದ್ದಕ್ಕೆ ಅವನು ರೇಟು ಸ್ವಲ್ಪ ಇಳಿಸಿದನಂತೆ. ಎರಡೂ ಈಗ ಶಿವಮೊಗ್ಗದ ಮನೆಯ ಮೆಟ್ಟಿಲ ಕೆಳಗೆ, ಟಾರ್ಪಾಲಿನಲ್ಲಿ ಸುತ್ತಿಕೊಂಡು ಕೂತಿವೆ. ಬಾಗಿಲನ್ನು ಎಲ್ಲಾದರೂ ಕೂರಿಸಬೇಕೆಂದು ಅಳತೆ ನೋಡಿಸಿದರೆ, ಆ ಮನೆಯ ಯಾವ ಚೌಕಟ್ಟಿಗೂ ಹೊಂದುವುದಿಲ್ಲ ಅಂದನಂತೆ ಬಡಗಿ.

ಕಳೆದ ತಿಂಗಳು ಫೋಟೋಗಳನ್ನೆಲ್ಲ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಆಲ್ಬಂ ಮಾಡಿ ಊರಿಗೆ ಒಯ್ದೆ. ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು ಒಂದೊಂದೇ ಪುಟ ತಿರುಗಿಸಿದಳು. ಜಗುಲಿ, ಮೆತ್ತು, ಹೆಬ್ಬಾಗಿಲು. ಚೆನ್ನಾಗಿದೆ, ಚೆನ್ನಾಗಿದೆ ಅಂದಳು. ಅರ್ಧ ಮುಗಿದ ಮೇಲೆ ತಲೆ ಎತ್ತಿ, "ಅಲ್ಲ, ಅಪ್ಪಯ್ಯನ ಜೊತೆಗೇ ಹೋಗಿದ್ಯಲ್ಲ. ಒಂದರಲ್ಲೂ ಅವರೇ ಇಲ್ವಲ್ಲೋ?" ಅಂದಳು.

ನಾನು ದೇವರ ಕೋಣೆಯ ಪುಟ ತೆಗೆದು ತೋರಿಸಿದೆ. ಇದರಲ್ಲಿ ಇದ್ದಾರೆ, ಮೂವತ್ತು ಸೆಕೆಂಡೂ ಇದರೊಳಗೇ ಓಡಾಡ್ತಿದ್ರು ಅಂದೆ. ಅಪ್ಪಯ್ಯ ಪೇಪರ್ ಓದುತ್ತಾ ಕೂತಿದ್ದರು, ತಲೆ ಎತ್ತಲಿಲ್ಲ. ಅಮ್ಮ ಕನ್ನಡಕ ಹಾಕಿಕೊಂಡು, ಆಲ್ಬಮ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಇನ್ನೊಂದು ಸಲ ಹುಡುಕಿದಳು.